ಮ್ಯಾಂಚೆಸ್ಟರ್‌ನಲ್ಲಿ 240 ಪೌಂಡ್, ಡಾರ್ಟ್‌ಮುಂಡ್‌ನಲ್ಲಿ 18 ಯೂರೋ: ಫುಟ್‌ಬಾಲ್ ಟಿಕೆಟ್‌ಗೆ ಯಾಕಿಷ್ಟು ಅಂತರ?

ಪ್ರಶ್ನೆ: ನನ್ನ ಮಗಳು ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದಾಳೆ. ಬರುವ ಡಿಸೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಅಲ್ಲಿಗೆ ಹೋಗುತ್ತಿದ್ದೇವೆ. ಇಪ್ಪತ್ತು ವರ್ಷದಿಂದ ಟಿವಿಯಲ್ಲಿ ನೋಡಿದ ಓಲ್ಡ್ ಟ್ರಾಫರ್ಡ್‌ನಲ್ಲಿ ಕೂತು ಒಂದು ಮ್ಯಾಚ್ ನೋಡಬೇಕೆಂಬ ಆಸೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಂದು ಟಿಕೆಟ್‌ಗೆ 240 ಪೌಂಡ್ ತೋರಿಸುತ್ತಿದೆ. ಮಗಳ ಗೆಳತಿಯೊಬ್ಬಳು ಜರ್ಮನಿಯಲ್ಲಿದ್ದಾಳೆ. ಅವಳು ಡಾರ್ಟ್‌ಮುಂಡ್ ಮ್ಯಾಚನ್ನು 18 ಯೂರೋ ಕೊಟ್ಟು ನೋಡಿದಳಂತೆ. ಆಟ ಅದೇ, ಚೆಂಡು ಅದೇ. ಇಷ್ಟೊಂದು ವ್ಯತ್ಯಾಸ ಯಾಕೆ? ಇಂಗ್ಲೆಂಡಿನ ಸಾಮಾನ್ಯ ಜನ ಹೇಗೆ ನೋಡುತ್ತಾರೆ? ನಾವು ಹೇಗೆ ನೋಡಬಹುದು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಆ 240 ಪೌಂಡಿನ ಬಟನ್ ಇನ್ನೂ ಒತ್ತಿಲ್ಲ ತಾನೆ? ಒತ್ತಿಲ್ಲ ಅಂದರೆ ಬಚಾವಾದಿರಿ.

ನೀವು ನೋಡಿದ್ದು ಕ್ಲಬ್ಬಿನ ಬೆಲೆ ಅಲ್ಲ, ಬ್ಲ್ಯಾಕ್ ಬೆಲೆ. ಒಂದು ಕಾಲದಲ್ಲಿ ಗಾಂಧಿನಗರದ ಥಿಯೇಟರ್‌ಗಳ ಮುಂದೆ ‘ಹತ್ತಕ್ಕೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು’ ಅಂತ ತುಟಿ ಅಲ್ಲಾಡಿಸದೆ ಗೊಣಗುತ್ತಾ ಓಡಾಡುತ್ತಿದ್ದರಲ್ಲ, ಅದೇ ವ್ಯಾಪಾರ ಈಗ ಚೆಂದದ ವೆಬ್‌ಸೈಟ್ ತೆರೆದು ಕೂತಿದೆ. ಇಂಗ್ಲೆಂಡಿನಲ್ಲಿ ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರಿಂದ ಅಪರಾಧ. ಬೆಲೆ ತಡೆಯಲಿಕ್ಕೆ ಮಾಡಿದ ಕಾನೂನಲ್ಲ ಅದು, ಹೊಡೆದಾಟ ತಡೆಯಲಿಕ್ಕೆ ಮಾಡಿದ್ದು. ಎರಡೂ ತಂಡದ ಅಭಿಮಾನಿಗಳನ್ನು ಬೇರೆ ಬೇರೆ ಕಡೆ ಕೂರಿಸಬೇಕಾದರೆ ಟಿಕೆಟ್ ಯಾರ ಕೈಯಲ್ಲಿದೆ ಅನ್ನುವುದು ಕ್ಲಬ್ಬಿಗೆ ಗೊತ್ತಿರಬೇಕು. ಆದರೂ ಹೊರದೇಶಗಳಲ್ಲಿ ಕೂತ ಸೈಟುಗಳು ರಾಜಾರೋಷವಾಗಿ ಮಾರುತ್ತಲೇ ಇವೆ. ಅಂಥ ಟಿಕೆಟ್ ಸಿಕ್ಕಿಬಿದ್ದರೆ ಕ್ಲಬ್ ಅದನ್ನು ರದ್ದು ಮಾಡುತ್ತದೆ. ನಷ್ಟ ಯಾರದ್ದು? ನಿಮ್ಮದೇ.

ನನಗೂ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆಯೇ. ಹಲವು ವರ್ಷಗಳ ಹಿಂದೆ ಲಂಡನ್ನಿನ ಒಂದು ಸ್ಟೇಡಿಯಂಗೆ ಇಂಥದ್ದೇ ಟಿಕೆಟ್ ಹಿಡಿದುಕೊಂಡು ಹೋದೆ. ಗೇಟಿನಲ್ಲಿ ಕೆಂಪು ದೀಪ ಹತ್ತಿತು. ಅಲ್ಲಿದ್ದ ಹೆಂಗಸು ಪಾಪ ಒಳ್ಳೆಯವರು. ‘ಇವತ್ತು ನೀವು ಏಳನೆಯವರು’ ಅಂತ ಸಮಾಧಾನ ಹೇಳಿದರು. ಎದುರಿನ ಪಬ್ಬಿನಲ್ಲಿ ಟಿವಿ ಮುಂದೆ ನಿಂತು ನೋಡಿದೆ. ಸ್ಟೇಡಿಯಂನಿಂದ ಗೋಲಿನ ಕೂಗು ಮೊದಲು ಬರುತ್ತಿತ್ತು, ಟಿವಿಯಲ್ಲಿ ಗೋಲು ಆಮೇಲೆ ಬೀಳುತ್ತಿತ್ತು. ಅಷ್ಟು ಹತ್ತಿರ, ಅಷ್ಟು ದೂರ.

ಸರಿ, ಕ್ಲಬ್ಬಿನ ಅಸಲಿ ಬೆಲೆಗೆ ಬರೋಣ. ಅದೂ ಕಡಿಮೆಯೇನಲ್ಲ. ಓಲ್ಡ್ ಟ್ರಾಫರ್ಡ್ ಸ್ಟೇಡಿಯಂನ ಒಡೆಯ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ 2024ರ ಕೊನೆಯಲ್ಲಿ, ಸೀಸನ್ ಅರ್ಧ ಮುಗಿದಿರುವಾಗ, ಉಳಿದ ಸದಸ್ಯರ ಟಿಕೆಟ್‌ಗಳಿಗೆಲ್ಲ ಒಂದೇ ಬೆಲೆ ಅಂದಿತು: 66 ಪೌಂಡ್. ಮಕ್ಕಳಿಗೂ ಅಷ್ಟೇ, ಪಿಂಚಣಿಯಲ್ಲಿ ಬದುಕುವ ಮುದುಕರಿಗೂ ಅಷ್ಟೇ. ಅದಕ್ಕೆ ಮುಂಚೆ ಮಕ್ಕಳ ಟಿಕೆಟ್ 25 ಪೌಂಡಿಗೆ ಸಿಗುತ್ತಿತ್ತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅಂದರೆ 264 ಪೌಂಡ್, ನಮ್ಮ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿ. ತೊಂಬತ್ತು ನಿಮಿಷಕ್ಕೆ. ಒಂದೂ ಗೋಲಿಲ್ಲದೆ ಮುಗಿದರೂ ದುಡ್ಡು ವಾಪಸ್ ಇಲ್ಲ!

ಇದು ಹೀಗೇ ಇರಲಿಲ್ಲ. ಇಂಗ್ಲೆಂಡಿನ ಹಳೆಯ ಸ್ಟೇಡಿಯಂಗಳಲ್ಲಿ ‘ಟೆರೇಸ್’ ಅಂತ ಇರುತ್ತಿತ್ತು. ಗೋಲ್ ಪೋಸ್ಟಿನ ಹಿಂದಿನ ಸಿಮೆಂಟ್ ಮೆಟ್ಟಿಲುಗಳು. ಕುರ್ಚಿ ಇಲ್ಲ, ನಿಂತೇ ನೋಡಬೇಕು. ನಮ್ಮ ಹಳೆ ಟಾಕೀಸಿನ ಗಾಂಧಿ ಕ್ಲಾಸ್ ನೆನೆಸಿಕೊಳ್ಳಿ. ಟಿಕೆಟ್ ಅಗ್ಗ, ಗಲಾಟೆ ಜಾಸ್ತಿ, ಶಿಳ್ಳೆ ಬರುವುದು ಅಲ್ಲಿಂದಲೇ. ಬಾಲ್ಕನಿಯವರು ಸಿನಿಮಾ ನೋಡುತ್ತಿದ್ದರು, ಗಾಂಧಿ ಕ್ಲಾಸಿನವರು ಅದನ್ನು ಹಬ್ಬ ಮಾಡುತ್ತಿದ್ದರು. ಲಿವರ್‌ಪೂಲ್‌ನ ‘ಕಾಪ್’ ಅನ್ನುವ ಟೆರೇಸ್‌ನಲ್ಲಿ ಬಂದರಿನ ಕೂಲಿಗಳು, ಕಾರ್ಖಾನೆ ಹುಡುಗರು ಭುಜಕ್ಕೆ ಭುಜ ಒತ್ತಿ ನಿಂತು ಹಾಡುತ್ತಿದ್ದರು. 1990ರ ಸುಮಾರಿಗೆ ಅಲ್ಲಿನ ಟಿಕೆಟ್ 4 ಪೌಂಡ್.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂನ ಇಂಥದ್ದೇ ಒಂದು ಟೆರೇಸ್‌ನಲ್ಲಿ ನೂಕುನುಗ್ಗಲಾಯಿತು. ಪೊಲೀಸರ ತಪ್ಪಿನಿಂದ ಜನ ಕಬ್ಬಿಣದ ಬೇಲಿಗೆ ಒತ್ತಿಕೊಂಡು ಉಸಿರುಗಟ್ಟಿದರು. ಲಿವರ್‌ಪೂಲ್‌ನ 97 ಅಭಿಮಾನಿಗಳು ಸತ್ತರು. ತನಿಖೆ ಮಾಡಿದ ನ್ಯಾಯಮೂರ್ತಿ ಟೇಲರ್ 1990ರಲ್ಲಿ ವರದಿ ಕೊಟ್ಟರು. ದೊಡ್ಡ ಸ್ಟೇಡಿಯಂಗಳಲ್ಲಿ ಎಲ್ಲರಿಗೂ ಕುರ್ಚಿ ಇರಬೇಕು ಅಂದರು. ಅದು ಜಾರಿಗೆ ಬಂತು. ಕಾಪ್‌ನಲ್ಲಿ ಜನ ಕೊನೆಯ ಸಲ ನಿಂತು ನೋಡಿದ್ದು 1994ರ ಏಪ್ರಿಲ್ 30ರಂದು, ನಾರಿಚ್ ವಿರುದ್ಧ. ಅವತ್ತು ಲಿವರ್‌ಪೂಲ್ ಸೋತಿತು ಕೂಡ.

ಆದರೆ ಟೇಲರ್ ಇನ್ನೊಂದು ಮಾತನ್ನೂ ಬರೆದಿದ್ದರು. ಕುರ್ಚಿ ಹಾಕಿದ ಮಾತ್ರಕ್ಕೆ ಬೆಲೆ ಏರಿಸಬೇಕಿಲ್ಲ ಅಂತ. ಸ್ಕಾಟ್‌ಲೆಂಡಿನ ಐಬ್ರಾಕ್ಸ್ ಸ್ಟೇಡಿಯಂನಲ್ಲಿ ಕುರ್ಚಿಗೆ 6 ಪೌಂಡ್, ನಿಲ್ಲುವುದಕ್ಕೆ 4 ಪೌಂಡ್ ಇದೆ, ಹಾಗೆ ಇಟ್ಟುಕೊಳ್ಳಬಹುದು ಅಂತ ಉದಾಹರಣೆಯನ್ನೂ ಕೊಟ್ಟಿದ್ದರು. ಕ್ಲಬ್ಬುಗಳು ಕುರ್ಚಿಯ ಮಾತನ್ನು ಪಾಲಿಸಿದವು, ಬೆಲೆಯ ಮಾತನ್ನು ಮರೆತವು. ಆ 6 ಪೌಂಡಿಗೆ ಇಷ್ಟು ವರ್ಷಗಳ ಬೆಲೆಯೇರಿಕೆ ಸೇರಿಸಿದರೂ ಇವತ್ತು 20 ಪೌಂಡ್ ದಾಟುತ್ತಿರಲಿಲ್ಲ.

1992ರಲ್ಲಿ ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳ ಪ್ರೀಮಿಯರ್ ಲೀಗ್ ಶುರುವಾಯಿತು. ಟಿವಿ ದುಡ್ಡು ಹರಿಯಿತು. ಹೊಸ ಸ್ಟೇಡಿಯಂ, ಹೊರದೇಶದ ಆಟಗಾರರು, ಹೊರದೇಶದ ಮಾಲೀಕರು ಬಂದರು. ಸಿಂಗಲ್ ಸ್ಕ್ರೀನ್ ಹೋಗಿ ಮಲ್ಟಿಪ್ಲೆಕ್ಸ್ ಬಂದ ಹಾಗೆ. ಸೌಕರ್ಯ ಹೆಚ್ಚಿತು, ಭಯ ಕಡಿಮೆಯಾಯಿತು, ಹೆಂಗಸರು ಮಕ್ಕಳು ಆರಾಮವಾಗಿ ಬರುವಂತಾಯಿತು. ಅದು ನಿಜವಾಗಿಯೂ ಒಳ್ಳೆಯದೇ. ಗಾಂಧಿ ಕ್ಲಾಸ್ ಮಾತ್ರ ಮಾಯವಾಯಿತು.

ಈಗ ನಿಮ್ಮ ಅಸಲಿ ಪ್ರಶ್ನೆ. ಯಾಕಿಷ್ಟು ಬೆಲೆ? ‘ಆಟಗಾರರಿಗೆ ಕೋಟಿಗಟ್ಟಲೆ ಕೊಡಬೇಕಲ್ಲ, ಅದಕ್ಕೆ’ ಅನ್ನುವ ಉತ್ತರ ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಕ್ಲಬ್ 40,000 ಸೀಟಿಗೆ ತಲಾ 5 ಪೌಂಡ್ ಏರಿಸಿತು ಅಂದುಕೊಳ್ಳಿ. ಒಂದು ಮ್ಯಾಚಿಗೆ ಸಿಗುವ ಹೆಚ್ಚುವರಿ ದುಡ್ಡು 2 ಲಕ್ಷ ಪೌಂಡ್. ದೊಡ್ಡ ಕ್ಲಬ್ಬಿನಲ್ಲಿ ಒಬ್ಬ ಸ್ಟಾರ್ ಆಟಗಾರನ ಒಂದು ವಾರದ ಸಂಬಳ ಹೆಚ್ಚೂಕಡಿಮೆ ಅಷ್ಟೇ. ಅಂದರೆ ನಲವತ್ತು ಸಾವಿರ ಜನ ಕಿಸೆಯಿಂದ ಐದೈದು ಪೌಂಡ್ ತೆಗೆದರೆ ಒಬ್ಬನಿಗೆ ಒಂದು ವಾರ ಸಂಬಳ ಕೊಡಬಹುದು. ಅದೂ ಲೀಗಿನಲ್ಲಿ ತವರಿನ ಮ್ಯಾಚ್ ಇರುವುದು ವರ್ಷಕ್ಕೆ 19, ವಾರಗಳು 52.

ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಒಟ್ಟು ಆದಾಯದಲ್ಲಿ ಮ್ಯಾಚಿನ ದಿನ ಬರುವ ದುಡ್ಡು ಸುಮಾರು ಏಳರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಟಿವಿ ಮತ್ತು ಜಾಹೀರಾತು. 2025ರಿಂದ ನಾಲ್ಕು ವರ್ಷಕ್ಕೆ ಬ್ರಿಟನ್ನಿನ ಟಿವಿ ಒಪ್ಪಂದವೊಂದೇ 670 ಕೋಟಿ ಪೌಂಡ್. ಹೊರದೇಶಗಳ ಟಿವಿ ದುಡ್ಡು ಬೇರೆ. ದಾವಣಗೆರೆಯಲ್ಲಿ ಕೂತು ನೀವು ಕಟ್ಟುವ ಚಂದಾ ಕೂಡ ಅದರಲ್ಲಿದೆ. (ಇಲ್ಲೊಂದು ತಮಾಷೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರರ ಮ್ಯಾಚುಗಳನ್ನು ಟಿವಿಯಲ್ಲಿ ತೋರಿಸುವಂತಿಲ್ಲ. ಜನ ಸ್ಟೇಡಿಯಂಗೇ ಬರಲಿ ಅಂತ ಹಳೆಯ ನಿಯಮ. ನಾವು ಇಲ್ಲಿ ಊಟ ಮಾಡುತ್ತಾ ನೋಡುವ ಆ ಮ್ಯಾಚನ್ನು, ಟಿಕೆಟ್ ಸಿಗದ ಮ್ಯಾಂಚೆಸ್ಟರಿನವನು ಪಕ್ಕದ ಬೀದಿಯಲ್ಲಿದ್ದೂ ನೋಡಲಾರ.)

ಹಾಗಾದರೆ ಯಾಕೆ ಏರಿಸುತ್ತಾರೆ? ಏರಿಸಿದರೂ ಜನ ಬರುತ್ತಾರೆ, ಅದಕ್ಕೆ. ಅಕ್ಕಿ ದುಬಾರಿಯಾದರೆ ಇನ್ನೊಂದು ಅಂಗಡಿಗೆ ಹೋಗುತ್ತೇವೆ. ಟಿಕೆಟ್ ದುಬಾರಿಯಾಯಿತು ಅಂತ ಲಿವರ್‌ಪೂಲ್ ಅಭಿಮಾನಿ ಅದೇ ಊರಿನ ಎದುರಾಳಿ ಎವರ್ಟನ್ ಅಭಿಮಾನಿ ಆಗುತ್ತಾನಾ? ಮನೆ ಬದಲಾಯಿಸಬಹುದು, ಕೆಲಸ ಬದಲಾಯಿಸಬಹುದು, ತಂಡ ಬದಲಾಯಿಸುವಂತಿಲ್ಲ. ಅಜ್ಜ ಹೋಗುತ್ತಿದ್ದ, ಅಪ್ಪ ಹೋಗುತ್ತಿದ್ದ, ಇವನೂ ಹೋಗಲೇಬೇಕು. ಆ ಪ್ರೀತಿಗೆ ಬೆಲೆ ಕಟ್ಟುವುದು ಸುಲಭ. ಮಾಲೀಕರಿಗೆ ಅದು ಗೊತ್ತು. ಮೇಲೆ 2025-26ರವರೆಗೆ ಲೀಗಿನ ಒಂದು ನಿಯಮ ಬೇರೆ ಇತ್ತು. ಮೂರು ವರ್ಷದಲ್ಲಿ 10.5 ಕೋಟಿ ಪೌಂಡಿಗಿಂತ ಜಾಸ್ತಿ ನಷ್ಟ ತೋರಿಸುವಂತಿಲ್ಲ ಅಂತ. ಬೆಲೆ ಏರಿಸುವ ಕ್ಲಬ್ಬುಗಳು ಇದನ್ನೇ ನೆಪವಾಗಿ ಮುಂದಿಡುತ್ತಿದ್ದವು.

ಜರ್ಮನಿಯ ಕಥೆ ಬೇರೆ ಆದದ್ದು ಯಾಕೆ ಗೊತ್ತಾ? ಅಲ್ಲಿ ಕ್ಲಬ್ಬಿನ ಒಡೆತನವೇ ಬೇರೆ. ‘50+1’ ಅಂತ ಒಂದು ನಿಯಮವಿದೆ. ಕ್ಲಬ್ಬಿನಲ್ಲಿ ಯಾರು ಎಷ್ಟೇ ದುಡ್ಡು ಹಾಕಲಿ, ಅರ್ಧಕ್ಕಿಂತ ಒಂದು ಮತ ಹೆಚ್ಚು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ನಮ್ಮೂರಿನ ಹಾಲಿನ ಸೊಸೈಟಿ ಇದ್ದ ಹಾಗೆ ಅಂದುಕೊಳ್ಳಿ. ಸದಸ್ಯರು ವರ್ಷಕ್ಕೊಮ್ಮೆ ಸೇರುತ್ತಾರೆ, ಅಧ್ಯಕ್ಷನನ್ನು ಆರಿಸುತ್ತಾರೆ, ಬೈಯಬೇಕಾದರೆ ಎದುರಿಗೇ ಬೈಯುತ್ತಾರೆ. ಬಾಯರ್ನ್ ಮ್ಯೂನಿಕ್‌ಗೆ ಇಂಥ ಸದಸ್ಯರು ಮೂರು ಲಕ್ಷಕ್ಕೂ ಹೆಚ್ಚು. ಟಿಕೆಟ್ ಬೆಲೆ ಸಿಕ್ಕಾಪಟ್ಟೆ ಏರಿಸಿದ ಅಧ್ಯಕ್ಷ ಮುಂದಿನ ಸಭೆಗೆ ಹೋಗಲಿಕ್ಕೆ ಹೆದರಬೇಕು. ಲೆವರ್‌ಕುಸೆನ್, ವೋಲ್ಫ್ಸ್‌ಬುರ್ಗ್‌ನಂಥ ಒಂದೆರಡು ಕಡೆ ಕಂಪನಿಗಳೇ ಮಾಲೀಕರು. ಅದು ವಿನಾಯಿತಿ.

ಬಾಯರ್ನ್‌ನ ಅಧ್ಯಕ್ಷರಾಗಿದ್ದ ಉಲಿ ಹೋನೆಸ್ ಒಮ್ಮೆ ಹೇಳಿದ ಮಾತು ನನಗೆ ಬಹಳ ಇಷ್ಟ. ಅವರ ಅಗ್ಗದ ಸೀಸನ್ ಟಿಕೆಟ್ (ಇಡೀ ಸೀಸನ್ನಿನ ತವರಿನ ಮ್ಯಾಚುಗಳಿಗೆ ಒಂದೇ ಟಿಕೆಟ್) ಆಗ ಸುಮಾರು 104 ಪೌಂಡ್. ಅದನ್ನು 300 ಮಾಡಿದರೆ ನಮಗೆ 20 ಲಕ್ಷ ಪೌಂಡ್ ಹೆಚ್ಚು ಬರಬಹುದು, ಆಟಗಾರನನ್ನು ಕೊಳ್ಳುವಾಗ ಅಷ್ಟು ದುಡ್ಡಿಗೆ ನಾವು ಐದು ನಿಮಿಷ ಚೌಕಾಸಿ ಮಾಡುತ್ತೇವೆ, ಆದರೆ ಅಭಿಮಾನಿಗೆ 104ಕ್ಕೂ 300ಕ್ಕೂ ಭಾರಿ ವ್ಯತ್ಯಾಸ ಅಂದಿದ್ದರು ಅವರು. ಅಭಿಮಾನಿಗಳು ಹಾಲು ಕರೆದುಕೊಳ್ಳುವ ಹಸುಗಳಲ್ಲ ಅಂತಲೂ ಸೇರಿಸಿದ್ದರು. ಇದೇ ಹೋನೆಸ್ ಆಮೇಲೆ ತೆರಿಗೆ ವಂಚನೆಗಾಗಿ ಜೈಲಿಗೆ ಹೋಗಿ ಬಂದರು. ಹಾಗಂತ ಆ ಮಾತಿನ ಲೆಕ್ಕ ತಪ್ಪಾಗಲಿಲ್ಲ.

ನಿಮ್ಮ ಮಗಳ ಗೆಳತಿ ಹೋದದ್ದು ಬಹುಶಃ ಡಾರ್ಟ್‌ಮುಂಡ್‌ನ ದಕ್ಷಿಣ ಗ್ಯಾಲರಿಗೆ. ‘ಹಳದಿ ಗೋಡೆ’ ಅನ್ನುತ್ತಾರೆ ಅದನ್ನು. 81,365 ಜನ ಹಿಡಿಯುವ ಸ್ಟೇಡಿಯಂನಲ್ಲಿ ಸುಮಾರು 25,000 ಜನ ಅಲ್ಲೊಂದೇ ಕಡೆ ನಿಂತು ನೋಡುತ್ತಾರೆ. ಜರ್ಮನಿ ಗಾಂಧಿ ಕ್ಲಾಸನ್ನು ಒಡೆದು ಹಾಕಲಿಲ್ಲ, ರಿಪೇರಿ ಮಾಡಿಸಿತು. ಪ್ರತಿ ಸಾಲಿಗೂ ಕಂಬಿ, ಗೇಟಿನಲ್ಲಿ ಎಣಿಕೆ, ಗುಂಪು ಒಂದೇ ಕಡೆ ನುಗ್ಗದ ಹಾಗೆ ದಾರಿ. ಟಿಕೆಟ್ ತೋರಿಸಿದರೆ ಬಹಳ ಊರುಗಳಲ್ಲಿ ಆ ದಿನದ ಬಸ್ಸು, ಟ್ರಾಮ್ ಕೂಡ ಉಚಿತ. ಇಂಗ್ಲೆಂಡಿಗೆ ಇದು ಹೊಳೆಯಲಿಕ್ಕೆ ಮೂವತ್ತು ವರ್ಷ ಬೇಕಾಯಿತು. 2022ರಿಂದ ಅಲ್ಲೂ ಕಂಬಿ ಹಾಕಿದ ಜಾಗಗಳಲ್ಲಿ ನಿಂತು ನೋಡಲು ಅನುಮತಿ ಇದೆ. ಬೆಲೆ ಮಾತ್ರ ಕೂತು ನೋಡುವುದರದ್ದೇ! ಇದಕ್ಕಿಂತ ಮುಂದೆ ಹೋದ ಕ್ಲಬ್ಬೂ ಜರ್ಮನಿಯಲ್ಲಿದೆ. ಯೂನಿಯನ್ ಬರ್ಲಿನ್ ಸ್ಟೇಡಿಯಂ ಹಾಳುಬಿದ್ದಾಗ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ರಜೆ ಹಾಕಿ ಬಂದು ಸಿಮೆಂಟ್ ಕಲಸಿದರು, ಕಬ್ಬಿಣ ಹೊತ್ತರು. 2009ರಲ್ಲಿ ಅದು ಮತ್ತೆ ತೆರೆಯಿತು. 22,000 ಜನರ ಜಾಗ, ಕುರ್ಚಿ ಇರುವುದು ನಾಲ್ಕು ಸಾವಿರಕ್ಕಿಂತ ಕಡಿಮೆ. ಅಂಥ ಜನಕ್ಕೆ ಯಾರು ತಾನೆ ಟಿಕೆಟ್ ಬೆಲೆ ಏರಿಸಿಯಾರು?

ಜರ್ಮನಿಯೇ ಸ್ವರ್ಗ ಅಂತ ಹೇಳುತ್ತಿಲ್ಲ. ಹೊರಗಿನ ದುಡ್ಡು ಬರದೆ ಲೀಗ್ ಬಡವಾಯಿತು ಅನ್ನುವವರು ಅಲ್ಲೇ ಇದ್ದಾರೆ. 2013ರಿಂದ 2023ರವರೆಗೆ ಹನ್ನೊಂದು ವರ್ಷ ಸಾಲಾಗಿ ಬಾಯರ್ನ್ ಒಂದೇ ಗೆದ್ದಿತು. ಕಥೆ ಮೊದಲೇ ಗೊತ್ತಿರುವ ಸಿನಿಮಾ ಅದು. ಟಿಕೆಟ್ ಅಗ್ಗವಾದ್ದರಿಂದ ಸಿಗುವುದೂ ಕಷ್ಟ. ಆ 18 ಯೂರೋ ಟಿಕೆಟ್ ನಿಮ್ಮ ಮಗಳ ಗೆಳತಿಗೆ ಸಿಕ್ಕಿದ್ದು ಯಾರೋ ಸೀಸನ್ ಟಿಕೆಟ್ ಇದ್ದವರ ದಯೆಯಿಂದ ಇರಬೇಕು, ಕೇಳಿ ನೋಡಿ.

ಇಂಗ್ಲೆಂಡಿನಲ್ಲೂ ಜನ ಸುಮ್ನೆ ಕೂರಲಿಲ್ಲ. 2013ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳು ಲಂಡನ್ನಿಗೆ, ಆರ್ಸೆನಲ್ ವಿರುದ್ಧದ ಮ್ಯಾಚಿಗೆ ಹೋಗಬೇಕಿತ್ತು. ಟಿಕೆಟ್ 62 ಪೌಂಡ್. ಮೂರು ಸಾವಿರದಲ್ಲಿ 912 ಟಿಕೆಟ್ ಖರ್ಚಾಗದೆ ವಾಪಸ್ ಹೋದವು. ಸಿಟಿ ಗೆದ್ದಿತು. ಮ್ಯಾಚ್ ಮುಗಿದಾಗ ಸಹಾಯಕ ರೆಫರಿಯೊಬ್ಬರು ಸಿಟಿ ಆಟಗಾರರಿಗೆ, ಅಲ್ಲಿ 62 ಪೌಂಡ್ ಕೊಟ್ಟು ಬಂದಿದ್ದಾರೆ, ಹೋಗಿ ಅವರನ್ನು ಮಾತಾಡಿಸಿ ಅನ್ನುವ ಅರ್ಥದಲ್ಲಿ ಹೇಳಿದ್ದು ಮೈಕಿನಲ್ಲಿ ಸಿಕ್ಕಿಬಿತ್ತು. ರೆಫರಿಗೆ ಜನ ಚಪ್ಪಾಳೆ ತಟ್ಟಿದ ಅಪರೂಪದ ದಿನ ಅದು. ಅದೇ ವರ್ಷ ‘ಇಪ್ಪತ್ತೇ ಸಾಕು’ ಅನ್ನುವ ಚಳವಳಿ ಶುರುವಾಯಿತು. ಬೇರೆ ಊರಿಗೆ ತಂಡದ ಹಿಂದೆ ಹೋಗುವವರಿಗೆ 20 ಪೌಂಡಿಗಿಂತ ಜಾಸ್ತಿ ಕೇಳಬೇಡಿ ಅನ್ನುವುದು ಬೇಡಿಕೆ.

ಅದಕ್ಕೆ ಕಾವು ಬಂದದ್ದು 2016ರ ಫೆಬ್ರವರಿ 6ರಂದು, ಲಿವರ್‌ಪೂಲ್‌ನಲ್ಲಿ. ಹೊಸ ಸ್ಟ್ಯಾಂಡ್ ಕಟ್ಟುತ್ತಿದ್ದ ಮಾಲೀಕರು ಅದರ ದುಬಾರಿ ಟಿಕೆಟ್‌ಗೆ 77 ಪೌಂಡ್ ಇಟ್ಟರು. ಸಂಡರ್‌ಲ್ಯಾಂಡ್ ವಿರುದ್ಧದ ಮ್ಯಾಚಿನಲ್ಲಿ ಸರಿಯಾಗಿ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರಗೆ ನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಜನ ಎದ್ದು ಹೋದ ಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು ಸಮ ಮಾಡಿತು. ಹಾಡುವವರು ಎದ್ದು ಹೋದರೆ ಏನಾಗುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸಲಿಕ್ಕೆ ಆಗುತ್ತಿತ್ತಾ? ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿದರು. 77ರ ಟಿಕೆಟ್ ಕೈಬಿಟ್ಟರು.

ಮರುತಿಂಗಳೇ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಹೊರಗಿನ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಹಾಕಿಕೊಂಡವು. ಆ ಮಿತಿ ಇವತ್ತಿಗೂ ಇದೆ. ಇಪ್ಪತ್ತು ಕೇಳಿದರು, ಮೂವತ್ತು ಸಿಕ್ಕಿತು. ಪರವಾಗಿಲ್ಲ. ನಮ್ಮಲ್ಲಿ ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಲು ಹೊರಟಾಗ ಕೋರ್ಟಿನವರೆಗೂ ಹೋಯಿತಲ್ಲ, ಅಲ್ಲಿ ಸರ್ಕಾರ ಬರಲೇ ಇಲ್ಲ. ಜನ ಎದ್ದು ನಡೆದದ್ದೇ ಸಾಕಾಯಿತು.

ಅದೇ ಫೆಬ್ರವರಿಯಲ್ಲಿ ಜರ್ಮನಿಯಲ್ಲೂ ಗಲಾಟೆ. ಸ್ಟುಟ್‌ಗಾರ್ಟ್‌ನಲ್ಲಿ ಕಪ್ ಮ್ಯಾಚಿಗೆ ಬೆಲೆ ಜಾಸ್ತಿಯಾಯಿತು ಅಂತ ಡಾರ್ಟ್‌ಮುಂಡ್ ಅಭಿಮಾನಿಗಳು ತಡವಾಗಿ ಒಳಗೆ ಬಂದರು, ಬಂದವರೇ ಮೈದಾನಕ್ಕೆ ಟೆನಿಸ್ ಚೆಂಡು ಎಸೆದರು. ಅಗ್ಗ ಅನ್ನುವುದು ಅಲ್ಲಿ ತಾನಾಗಿ ಉಳಿದಿಲ್ಲ, ಕಾವಲು ಕಾಯುತ್ತಾರೆ.

ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಎದುರಾಗುವ ಮ್ಯಾಚುಗಳಲ್ಲಿ ಇನ್ನೊಂದು ಬಗೆಯ ಸುಲಿಗೆ ಇತ್ತು. ಹೊರದೇಶದಿಂದ ಬರುವವನು ಹೇಗೂ ಕೊಡುತ್ತಾನೆ ಅಂತ ತವರು ಕ್ಲಬ್ ಬಾಯಿಗೆ ಬಂದ ಬೆಲೆ ಹೇಳುತ್ತಿತ್ತು. 2018ರಲ್ಲಿ ಸ್ಪೇನಿನ ಸೆವಿಯಾ ಕ್ಲಬ್ ಯುನೈಟೆಡ್ ಅಭಿಮಾನಿಗಳಿಗೆ 89 ಪೌಂಡ್ ಇಟ್ಟಿತು. ಯುನೈಟೆಡ್ ಏನು ಮಾಡಿತು ಗೊತ್ತಾ? ಮ್ಯಾಂಚೆಸ್ಟರಿಗೆ ಬಂದ ಸೆವಿಯಾದವರಿಗೂ 89 ಪೌಂಡೇ ಹಾಕಿತು, ಆ ಹೆಚ್ಚುವರಿ ದುಡ್ಡಿನಲ್ಲಿ ತನ್ನ ಅಭಿಮಾನಿಗಳಿಗೆ ತಲಾ 35 ಪೌಂಡ್ ವಾಪಸ್ ಕೊಟ್ಟಿತು. ಮರುವರ್ಷ ಬಾರ್ಸಿಲೋನಾ 102 ಪೌಂಡ್ ಕೇಳಿದಾಗಲೂ ಇದೇ ಮದ್ದು. ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಮಧ್ಯೆ ಬಂದು ಮಿತಿ ಹಾಕಿತು. ಚಾಂಪಿಯನ್ಸ್ ಲೀಗ್‌ನಲ್ಲಿ ಹೊರಗಿನವರಿಗೆ ಮೊದಲು 70 ಯೂರೋ, 2024-25ರಲ್ಲಿ 60, 2025-26ರಿಂದ 50.

ಈಗ ಸ್ವಲ್ಪ ಮುಜುಗರದ ವಿಷಯ. ಹೇಳದೆ ಬಿಟ್ಟರೆ ಉತ್ತರ ಅರ್ಧವಾಗುತ್ತದೆ.

ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಅಭಿಮಾನಿಗಳಿದ್ದಾರೆ. ಒಬ್ಬ ಸೀಸನ್ ಟಿಕೆಟಿನವನು. ನಲವತ್ತು ವರ್ಷದಿಂದ ಅದೇ ಸೀಟು. ವರ್ಷದ ದುಡ್ಡು ಒಟ್ಟಿಗೆ ಕಟ್ಟುವುದರಿಂದ ಮ್ಯಾಚೊಂದಕ್ಕೆ ಬೀಳುವುದು ಕಡಿಮೆ. ಚಹಾ ಮನೆಯಲ್ಲಿ ಕುಡಿದು ಬರುತ್ತಾನೆ. ಕುತ್ತಿಗೆಯಲ್ಲಿ ಅಪ್ಪನ ಕಾಲದ ಸ್ಕಾರ್ಫ್. ಇನ್ನೊಬ್ಬ ಜೀವನದಲ್ಲಿ ಒಮ್ಮೆ ಬರುವವನು. ಎಷ್ಟಾದರೂ ಕೊಡುತ್ತಾನೆ. ಬಂದವನೇ ಅಂಗಡಿಗೆ ನುಗ್ಗಿ ಮೂರು ಜೆರ್ಸಿ, ಎರಡು ಮಗ್, ಒಂದು ಕೀ ಚೈನ್ ಕೊಳ್ಳುತ್ತಾನೆ. ಈ ಇಬ್ಬರಲ್ಲಿ ಮಾಲೀಕನಿಗೆ ಯಾರು ಬೇಕು? ಹೇಳಬೇಕಾಗಿಲ್ಲ. ಆ ಎರಡನೆಯವರು ನೀವು, ಸರ್. ನಾನೂ ಹೌದು.

ಇತ್ತೀಚಿನ ಜಗಳವೆಲ್ಲ ಇದರ ಸುತ್ತಲೇ. ಟಾಟನ್‌ಹ್ಯಾಮ್ 2024ರಲ್ಲಿ ಹಿರಿಯರ ರಿಯಾಯಿತಿಗೆ ಕೈ ಹಾಕಿದಾಗ ‘ನಮ್ಮ ಹಿರಿಯರನ್ನು ಉಳಿಸಿ’ ಅಂತ ಹೋರಾಟ ಎದ್ದಿತು. ಲಂಡನ್ನಿನ ಫುಲ್ಹಮ್ ಕ್ಲಬ್ಬು ನದಿ ಪಕ್ಕದ ಹೊಸ ಸ್ಟ್ಯಾಂಡಿನಲ್ಲಿ 3,000 ಪೌಂಡಿನ ಸೀಸನ್ ಟಿಕೆಟ್ ಇಟ್ಟಿತು. ನಿಷ್ಠೆಯನ್ನು ದುಡ್ಡಿಗೆ ಬಳಸಿಕೊಳ್ಳಬೇಡಿ ಅನ್ನುವುದು ಈಗ ಅಭಿಮಾನಿ ಸಂಘಗಳ ಘೋಷಣೆ. ಒಂದಿಷ್ಟು ಫಲವೂ ಸಿಕ್ಕಿತು. 2025-26ಕ್ಕೆ ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ ಎರಡೂ ಬೆಲೆ ಏರಿಸಲಿಲ್ಲ. 2025ರ ಹೊಸ ಕಾಯ್ದೆಯಂತೆ ಫುಟ್‌ಬಾಲಿಗೆ ಪ್ರತ್ಯೇಕ ನಿಯಂತ್ರಕರು ಬಂದಿದ್ದಾರೆ. ಬೆಲೆಯ ವಿಷಯದಲ್ಲಿ ಕ್ಲಬ್ಬುಗಳು ಅಭಿಮಾನಿಗಳನ್ನು ಕೇಳಬೇಕು. ಕೇಳಬೇಕು ಅಷ್ಟೇ, ಒಪ್ಪಬೇಕು ಅಂತಿಲ್ಲ.

ಮಾಲೀಕರ ಲೆಕ್ಕದಲ್ಲಿ ಒಂದು ತೂತಿದೆ ಅಂತ ನನ್ನ ಅನಿಸಿಕೆ. ಟಿವಿಯವರು ಕೋಟಿಗಟ್ಟಲೆ ಕೊಡುವುದು ಬರೀ ಆಟಕ್ಕಲ್ಲ, ಆ ಸದ್ದಿಗೂ ಸೇರಿಸಿ. 2020ರ ಕೊರೋನಾದಲ್ಲಿ ಖಾಲಿ ಸ್ಟೇಡಿಯಂನಲ್ಲಿ ಆಡಿಸಿದಾಗ ಟಿವಿಯವರು ರೆಕಾರ್ಡ್ ಮಾಡಿದ ಕೂಗನ್ನು ಹಿಂದಿನಿಂದ ಹಾಕಬೇಕಾಯಿತು, ನೆನಪಿದೆ ಅಲ್ವಾ? ಹಾಡು ಗೊತ್ತಿರುವುದು ಆ ಹಳೆ ಸ್ಕಾರ್ಫಿನವನಿಗೆ. ನಾವು ಹೋದರೆ ಫೋನ್ ಎತ್ತಿ ವಿಡಿಯೋ ಮಾಡುತ್ತೇವೆ.

ಎಲ್ಲ ಕ್ಲಬ್ಬೂ ಒಂದೇ ಥರ ಅಲ್ಲ. ಹಡರ್ಸ್‌ಫೀಲ್ಡ್ ಅನ್ನುವ ಸಣ್ಣ ಊರಿನ ಕ್ಲಬ್ 2008ರಲ್ಲಿ ತನ್ನ ನೂರನೇ ವರ್ಷಕ್ಕೆ 100 ಪೌಂಡಿಗೆ ಸೀಸನ್ ಟಿಕೆಟ್ ಮಾರಿತು. ಪ್ರತಿ ವರ್ಷ ಬಿಡದೆ ಕೊಂಡವರಿಗೆ, ನಾವು ಪ್ರೀಮಿಯರ್ ಲೀಗ್ ತಲುಪಿದರೆ ಅಲ್ಲೂ ನೂರೇ ಪೌಂಡ್ ಅಂತ ಮಾತು ಕೊಟ್ಟಿತು. ಆಗ ಅವರು ಇದ್ದದ್ದು ಮೂರನೇ ಹಂತದಲ್ಲಿ, ಹಾಗಾಗಿ ಮಾತು ಕೊಡುವುದು ಸುಲಭವಿತ್ತು. 2017ರಲ್ಲಿ ನಿಜವಾಗಿಯೂ ತಲುಪಿಬಿಟ್ಟರು. ಮಾತು ಉಳಿಸಿಕೊಂಡರು. ಪ್ಯಾರಿಸ್ ಎಫ್‌ಸಿ 2023ರ ನವೆಂಬರ್‌ನಿಂದ ತವರಿನ ಟಿಕೆಟ್‌ಗಳನ್ನು ಉಚಿತ ಮಾಡಿತ್ತು. ಜರ್ಮನಿಯ ಡುಸೆಲ್‌ಡಾರ್ಫ್ ಕ್ಲಬ್ ಕೂಡ ಪ್ರಾಯೋಜಕರ ದುಡ್ಡಿನಲ್ಲಿ ಕೆಲವು ಮ್ಯಾಚುಗಳನ್ನು ಉಚಿತವಾಗಿ ತೋರಿಸಿತು. ಮೊದಲನೇ ಉಚಿತ ಮ್ಯಾಚಿನಲ್ಲಿ 0-3 ಹಿಂದಿದ್ದವರು 4-3 ಗೆದ್ದರು. ಪುಗಸಟ್ಟೆ ನೋಡಿದವರ ಪುಣ್ಯ.

ಇನ್ನು ನಿಮ್ಮ ಡಿಸೆಂಬರ್ ಪ್ರವಾಸ. ಓಲ್ಡ್ ಟ್ರಾಫರ್ಡೇ ಬೇಕು ಅಂದರೆ ಮಗಳಿಗೆ ಈಗಲೇ ಕ್ಲಬ್ಬಿನ ಸದಸ್ಯತ್ವ ಮಾಡಿಸಲು ಹೇಳಿ. ನಿಮಗೂ, ನಿಮ್ಮ ಮನೆಯವರಿಗೂ ಮಾಡಿಸಿ. ಟಿಕೆಟ್ ಕೊಳ್ಳುವ ಹಕ್ಕು ಸಾಮಾನ್ಯವಾಗಿ ಸದಸ್ಯರಿಗೇ ಮೊದಲು. ದೊಡ್ಡ ಎದುರಾಳಿಯ ಮ್ಯಾಚ್ ಬಿಟ್ಟು ಸಣ್ಣ ತಂಡದ ಮ್ಯಾಚ್ ಆರಿಸಿ. ಬರಲಾಗದ ಸೀಸನ್ ಟಿಕೆಟಿನವರು ಕ್ಲಬ್ಬಿನ ಮೂಲಕವೇ ಸೀಟು ವಾಪಸ್ ಮಾರುವ ವ್ಯವಸ್ಥೆ ಇರುತ್ತದೆ. ಕೊನೆಯ ವಾರದಲ್ಲಿ ಅಲ್ಲಿ ಕಣ್ಣಿಟ್ಟಿರಲಿ. ಊಟ ಸೇರಿಸಿ ಮಾರುವ ‘ಹಾಸ್ಪಿಟಾಲಿಟಿ’ ಪ್ಯಾಕೇಜ್ ದುಬಾರಿ. ಆದರೆ ಅದನ್ನು ಕ್ಲಬ್ಬೇ ಮಾರುವುದರಿಂದ ಗೇಟಿನಲ್ಲಿ ಕೆಂಪು ದೀಪ ಹತ್ತುವುದಿಲ್ಲ. ಆ 240 ಪೌಂಡ್ ಕೊಡಲೇಬೇಕು ಅಂತಿದ್ದರೆ ಇದಕ್ಕೆ ಕೊಡಿ.

ಮುಖ್ಯವಾಗಿ, ಪಟ್ಟಿಯಲ್ಲಿರುವ ದಿನಾಂಕ ನಂಬಿ ರೈಲು ಬುಕ್ ಮಾಡಬೇಡಿ. ಟಿವಿಯವರು ಆರಿಸಿದರೆ ಶನಿವಾರದ ಮ್ಯಾಚ್ ಭಾನುವಾರಕ್ಕೋ ಸೋಮವಾರ ರಾತ್ರಿಗೋ ಹೋಗುತ್ತದೆ. ಅಲ್ಲಿನ ಅಭಿಮಾನಿಗಳು ಟಿಕೆಟ್ ಬೆಲೆಯಷ್ಟೇ ಇದಕ್ಕೂ ಬೈಯುತ್ತಾರೆ. ಎರಡೂ ಕಡೆ ನಾಲ್ಕೈದು ದಿನ ಬಿಡುವಿಟ್ಟುಕೊಳ್ಳಿ.

ಟಿಕೆಟ್ ಸಿಗದಿದ್ದರೆ ಬೇಸರ ಬೇಡ. ಲಂಡನ್ನಿಗೂ ಹೋಗುವುದಿದ್ದರೆ ಆರ್ಸೆನಲ್ ಮಹಿಳಾ ತಂಡದ ಮ್ಯಾಚ್ ನೋಡಿ. 2024-25ರಿಂದ ಅವರ ಮುಖ್ಯ ತವರು ಎಮಿರೇಟ್ಸ್ ಸ್ಟೇಡಿಯಂ. ಗಂಡಸರ ಟಿಕೆಟಿನ ಸಣ್ಣ ಪಾಲಿನಷ್ಟು ಬೆಲೆಗೆ ಅದೇ ಸ್ಟೇಡಿಯಂ, ಅದೇ ಹಸಿರು. ಮ್ಯಾಂಚೆಸ್ಟರ್ ಪಕ್ಕದಲ್ಲೇ ಸ್ಟಾಕ್‌ಪೋರ್ಟ್ ಇದೆ. ರೈಲಿನಲ್ಲಿ ಹತ್ತು ನಿಮಿಷ. ಕೆಳಗಿನ ಲೀಗುಗಳ ಟಿಕೆಟ್ ಮ್ಯಾಚಿನ ವಾರದಲ್ಲೂ ಸಿಗುವುದುಂಟು.

ನನ್ನನ್ನು ಕೇಳಿದರೆ ಒಂದು ಶನಿವಾರ ಮಧ್ಯಾಹ್ನ ಮಾಸ್ಟನ್‌ಗೆ ಹೋಗಿ. ಮ್ಯಾಂಚೆಸ್ಟರಿನದ್ದೇ ಒಂದು ಬಡಾವಣೆ ಅದು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಎತ್ತಿ, ಆ ಸಾಲವನ್ನು ಯುನೈಟೆಡ್ ಕ್ಲಬ್ಬಿನ ತಲೆ ಮೇಲೇ ಹೊರಿಸಿ, ಅದನ್ನು ಕೊಂಡಿತು. ಆಗ ಸಿಟ್ಟಾದ ಅಭಿಮಾನಿಗಳು ಹೊರಬಂದು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. ಒಬ್ಬರಿಗೆ ಒಂದೇ ಮತ. ಸೀಸನ್ ಟಿಕೆಟ್‌ಗೆ ಕೈಲಾದಷ್ಟು ಕೊಡಿ ಅಂತ 2009ರಿಂದ ನಡೆಸಿಕೊಂಡು ಬಂದವರು. 2015ರಲ್ಲಿ ಸ್ವಂತ ಸ್ಟೇಡಿಯಂ ಕೂಡ ಕಟ್ಟಿಕೊಂಡರು. ಆಟ ನಮ್ಮ ಟಿವಿಯಲ್ಲಿ ಬರುವಷ್ಟು ಚೆಂದ ಇರುವುದಿಲ್ಲ. ಆದರೆ ತಂಡ ಬದಲಾಯಿಸುವಂತಿಲ್ಲ ಅಂತ ಮೇಲೆ ಹೇಳಿದೆನಲ್ಲ, ಬದಲಾಯಿಸಿದವರು ಅಲ್ಲಿ ಸಿಗುತ್ತಾರೆ. ಕೇಳಿದರೆ ಯಾಕೆ ಅಂತ ಹೇಳುತ್ತಾರೆ, ಬೇಡ ಅಂದರೂ ಹೇಳುತ್ತಾರೆ. ಟೆರೇಸ್‌ನಲ್ಲಿ ನಿಂತೇ ನೋಡುವುದಾದರೆ ಉಲ್ಲನ್ ಕಾಲುಚೀಲ ಎರಡು ಜೊತೆ ಹಾಕಿಕೊಳ್ಳಿ. ಡಿಸೆಂಬರಿನ ಸಿಮೆಂಟಿನ ಚಳಿ ಮೊದಲು ಹತ್ತುವುದು ಅಂಗಾಲಿನಿಂದ.